ಮನಶ್ಶಾಸ್ತ್ರದಲ್ಲಿ ವ್ಯಕ್ತಿಯೂ ನಿಯಮವೂ



ಅನ್ನವು ಬೆಂದಿತೋ ಇಲ್ಲವೋ ಎಂಬುದನ್ನು ತಿಳಿಯಬೇಕಾದಾಗ ನಮ್ಮ ಗೃಹಿಣಿಯರು ಪಾತ್ರೆಯಲ್ಲಿರುವ ಅಗುಳುಗಳನ್ನೆಲ್ಲ ಹಿಸುಕಿ ನೋಡುವುದಿಲ್ಲ. ಒಂದೇ ಒಂದು ಅಗುಳನ್ನು ಬೆರಳುಗಳ ನಡುವೆ ಒತ್ತಿ ನೋಡುತ್ತಾರೆ. ಅದು ಬೆಂದಿದ್ದರೆ ಪಾತ್ರೆಯನ್ನು ಒಲೆಯಿಂದ ಇಳಿಸುತ್ತಾರೆ. ನಮ್ಮ ಪ್ರಾಚೀನ ಶಾಸ್ತ್ರಕಾರರು ಇದನ್ನೇ ಸ್ಥಾಲೀಪುಲಾಕನ್ಯಾಯವೆಂದು ಕರೆದು ತರ್ಕದಲ್ಲಿ ಒಂದು ದೃಷ್ಟಾಂತವನ್ನಾಗಿ ಮಾಡಿಕೊಂಡರು. ಆದರೆ ಅದೇ ಮನೆಯಲ್ಲಿ, ಒಡಹುಟ್ಟಿದ ಇಬ್ಬರು ಮಕ್ಕಳಲ್ಲಿ ಒಬ್ಬನು ಜಾಣನೂ ಇನ್ನೊಬ್ಬನು ಮಂದನೂ ಆಗಿ ಕಂಡುಬಂದಾಗ, ಅದೇ ಗೃಹಿಣಿಯು 'ಐದು ಬೆರಳೂ ಒಂದೇ ಸಮನಾಗಿರುತ್ತವೆಯೇ?' ಎಂದು ಕೇಳುವುದೂ ಉಂಟು. ಮೊದಲನೆಯ ಮಾತಿನಲ್ಲಿ ಒಂದನ್ನು ಕಂಡರೆ ಎಲ್ಲವನ್ನೂ ಕಂಡಂತೆ. ಎರಡನೆಯ ಮಾತಿನಲ್ಲಿ ಎಲ್ಲವನ್ನೂ ಕಂಡರೂ ಒಂದನ್ನು ಕಂಡಂತಾಗುವುದಿಲ್ಲ. ಈ ಎರಡು ಮಾತುಗಳ ನಡುವಣ ವಿವಾದವೇ ಮನಶ್ಶಾಸ್ತ್ರದ ಅತ್ಯಂತ ಹಳೆಯ ವಿವಾದಗಳಲ್ಲಿ ಒಂದು. ಮನುಷ್ಯರ ನಡವಳಿಕೆಗೆಲ್ಲ ಅನ್ವಯಿಸುವ ಸಾಮಾನ್ಯ ನಿಯಮಗಳನ್ನು ಹುಡುಕುವುದು ಈ ಶಾಸ್ತ್ರದ ಕೆಲಸವೋ, ಅಥವಾ ಒಬ್ಬೊಬ್ಬ ಮನುಷ್ಯನನ್ನು ಅವನಿರುವಂತೆಯೇ ಅರಿಯುವುದು ಅದರ ಕೆಲಸವೋ ಎಂಬುದೇ ಇಂದು ನಾವು ವಿಚಾರಿಸಬೇಕಾದ ಪ್ರಶ್ನೆ.

ಇದು ಕೇವಲ ಪಂಡಿತರ ವಾಗ್ವಾದವೆಂದು ಯಾರೂ ಭಾವಿಸಬಾರದು. ಅರಸೀಕೆರೆ ತಾಲ್ಲೂಕಿನ ಕಣಕಟ್ಟೆಯನ್ನು ಉದಾಹರಣೆಗಾಗಿ ತೆಗೆದುಕೊಳ್ಳೋಣ. ಹೋಬಳಿಯ ಮುಖ್ಯಸ್ಥಳವಾದ ಈ ಊರು ತೆಂಗು ರಾಗಿಗಳನ್ನು ಬೆಳೆಯುವ ಬಯಲುಸೀಮೆಗೆ ಸೇರಿದುದು. ಇಲ್ಲಿಯ ಶಾಲೆಯಲ್ಲಿ ಹತ್ತು ವರ್ಷ ವಯಸ್ಸಿನ ಹುಡುಗನೊಬ್ಬನಿದ್ದಾನೆಂದು ಕಲ್ಪಿಸಿಕೊಳ್ಳೋಣ. ಓದಿನಲ್ಲಿ ಹಿಂದೆ ಬಿದ್ದಿರುವ ಅವನನ್ನು ಪಟ್ಟಣಕ್ಕೆ ಕರೆದೊಯ್ದು ಬುದ್ಧಿಪರೀಕ್ಷೆಗೆ ಒಳಪಡಿಸುತ್ತಾರೆ. ಅವನು ಬಿಡಿಸಿದ ಪ್ರಶ್ನೆಗಳು ಸಾಮಾನ್ಯವಾಗಿ ಏಳೂವರೆ ವರ್ಷದ ಮಕ್ಕಳು ಬಿಡಿಸತಕ್ಕವು ಎಂದು ತಿಳಿದುಬರುತ್ತದೆ. ಏಳೂವರೆಯನ್ನು ಹತ್ತರಿಂದ ಭಾಗಿಸಿ ನೂರರಿಂದ ಗುಣಿಸಿದರೆ 75. ಇದೇ ಅವನ ಬುದ್ಧಿಲಬ್ಧಾಂಕ. 'ಯಜಮಾನರೆ, ಇವನಿಗೆ ಓದು ಹತ್ತುವಂತಿಲ್ಲ. ತೋಟದ ಕೆಲಸಕ್ಕೆ ಹಾಕಿಕೊಳ್ಳಿ' ಎಂದು ಉಪಾಧ್ಯಾಯರು ಹೇಳುತ್ತಾರೆ. 'ನೀವು ಹೇಳಿದ ಮೇಲೆ ಇನ್ನೇನು ಮೇಷ್ಟ್ರೆ' ಎಂದು ತಂದೆಯು ತಲೆಬಾಗುತ್ತಾನೆ. ಒಂದು ಅಂಕಿಯು ಒಂದು ಬಾಳಿನ ದಾರಿಯನ್ನು ತಿರುಗಿಸಿಬಿಟ್ಟಿತು. ಆ ಅಂಕಿಯು ಸಾವಿರಾರು ಮಕ್ಕಳನ್ನು ನೋಡಿ ಮಾಡಿದ ನಿಯಮದಿಂದ ಹುಟ್ಟಿದುದು. ಅದಕ್ಕೆ ಈ ಒಬ್ಬ ಹುಡುಗನ ಮೇಲೆ ಅಷ್ಟು ಅಧಿಕಾರ ಎಲ್ಲಿಂದ ಬಂದಿತು? ನಮ್ಮ ಪ್ರಶ್ನೆಯ ತೂಕವು ಇಲ್ಲಿದೆ.

ಮೊದಲು ಈ ವಿವಾದದ ಚರಿತ್ರೆಯನ್ನು ಸ್ವಲ್ಪ ನೋಡೋಣ. 1894ರಲ್ಲಿ ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದ ಮುಖ್ಯಸ್ಥನಾದ ಜರ್ಮನ್ ತತ್ತ್ವಜ್ಞಾನಿ ವಿಂಡೆಲ್‌ಬಾಂಡನು ತನ್ನ ಭಾಷಣದಲ್ಲಿ ವಿದ್ಯೆಗಳನ್ನು ಎರಡು ಬಗೆಯಾಗಿ ವಿಂಗಡಿಸಿದನು. ಭೌತವಿಜ್ಞಾನದಂತಹ ವಿದ್ಯೆಗಳು ಎಂದೆಂದಿಗೂ ನಿಲ್ಲತಕ್ಕ ನಿಯಮಗಳನ್ನು ಅರಸುತ್ತವೆ. ಇವನ್ನು ನಿಯಮವೆಂಬ ಅರ್ಥದ ಗ್ರೀಕ್ ಪದದಿಂದ 'ನೋಮೋಥೆಟಿಕ್' ಎಂದು ಕರೆದನು. ಚರಿತ್ರೆಯಂತಹ ವಿದ್ಯೆಗಳು ಒಮ್ಮೆ ಮಾತ್ರ ನಡೆದುದನ್ನು, ಮತ್ತೊಂದರಂತಿಲ್ಲದ್ದನ್ನು ವರ್ಣಿಸುತ್ತವೆ. ಇವನ್ನು ಸ್ವಂತದ್ದು ಎಂಬ ಅರ್ಥದ ಪದದಿಂದ 'ಇಡಿಯೋಗ್ರಾಫಿಕ್' ಎಂದನು. ಕನ್ನಡದಲ್ಲಿ ನಾವು ನಿಯಮಶೋಧಕ ಮಾರ್ಗ, ವ್ಯಕ್ತಿಶೋಧಕ ಮಾರ್ಗ ಎನ್ನಬಹುದು. 1937ರಲ್ಲಿ ಅಮೆರಿಕದ ಹಾರ್ವರ್ಡಿನ ಗಾರ್ಡನ್ ಆಲ್ಪೋರ್ಟನು ವ್ಯಕ್ತಿತ್ವವನ್ನು ಕುರಿತ ತನ್ನ ಗ್ರಂಥದಲ್ಲಿ ಈ ಎರಡು ಪದಗಳನ್ನು ಮನಶ್ಶಾಸ್ತ್ರಕ್ಕೆ ತಂದು, ನಿಯಮಗಳ ಬೆನ್ನು ಹತ್ತಿ ಹೋದ ಈ ಶಾಸ್ತ್ರವು ಮನುಷ್ಯನನ್ನೇ ಮರೆತಿದೆಯೆಂದು ವಾದಿಸಿದನು. ಅಂದಿನಿಂದ ಇಂದಿನವರೆಗೆ ಈ ಚರ್ಚೆಯು ನಿಂತಿಲ್ಲ.

ನಮ್ಮ ನಾಡಿಗೂ ಈ ಚರ್ಚೆಗೂ ಹತ್ತಿರದ ಸಂಬಂಧವುಂಟು. ಮೈಸೂರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಬಳಿ ವ್ಯಾಸಂಗ ಮಾಡಿ ಬಂದವರು. 1924ರಲ್ಲಿ ಆ ಕಾಲೇಜಿನಲ್ಲಿ ಅವರ ನೇತೃತ್ವದಲ್ಲಿ ಮನಶ್ಶಾಸ್ತ್ರದ ಪ್ರಯೋಗಶಾಲೆಯು ಆರಂಭವಾಯಿತು. 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ 30 ವಾಟ್ ಶಕ್ತಿಯ ಯಂತ್ರದ ಮೂಲಕ ಬಾನುಲಿಯನ್ನು ಬಿತ್ತರಿಸಿ, 'ಆಕಾಶವಾಣಿ' ಎಂಬ ಹೆಸರಿನ ನಿಲಯಕ್ಕೆ ಜನ್ಮ ಕೊಟ್ಟವರೂ ಅವರೇ. ಮನುಷ್ಯನ ಮನಸ್ಸನ್ನು ಅಳೆಯುವ ವಿದ್ಯೆಯನ್ನು ಕಲಿತು ಬಂದವರೇ ನಾಡಿನ ಮನೆಮನೆಗೆ ಮಾತನ್ನು ಮುಟ್ಟಿಸಲು ಹೊರಟರೆಂಬುದು ಸಂತೋಷದ ಸಂಗತಿ. ಅವರ ಗುರುವಾದ ಸ್ಪಿಯರ್‌ಮನ್ನನಾದರೋ ನಿಯಮಶೋಧಕ ಮಾರ್ಗದ ಮಹಾಪ್ರವರ್ತಕ. ಒಂದು ವಿಷಯದಲ್ಲಿ ಮುಂದಿರುವ ಹುಡುಗರು ಉಳಿದ ವಿಷಯಗಳಲ್ಲಿಯೂ ಮುಂದಿರುವುದೇ ಹೆಚ್ಚೆಂಬುದನ್ನು ಗಣಿತದಿಂದ ತೋರಿಸಿ, ಎಲ್ಲ ಬುದ್ಧಿಕಾರ್ಯಗಳ ಹಿಂದೆಯೂ ಒಂದು ಸಾಮಾನ್ಯಶಕ್ತಿಯಿದೆಯೆಂದು 1904ರಲ್ಲಿ ಪ್ರತಿಪಾದಿಸಿದವನು ಅವನು.

ಇಂತಹ ಪ್ರಯೋಗಶಾಲೆಗಳಲ್ಲಿ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಮಾಡುವ ಒಂದು ಸರಳವಾದ ಪ್ರಯೋಗವುಂಟು. ಕಾಗದದ ಮೇಲೆ ಜೋಡಿಗೆರೆಗಳಿಂದ ನಕ್ಷತ್ರದ ಆಕಾರವನ್ನು ಬರೆದಿರುತ್ತದೆ. ವಿದ್ಯಾರ್ಥಿಗೆ ಕಾಗದವೂ ತನ್ನ ಕೈಯೂ ನೇರವಾಗಿ ಕಾಣದಂತೆ ಮರೆಮಾಡಿ, ಎದುರಿಗೆ ಕನ್ನಡಿಯನ್ನಿಡುತ್ತಾರೆ. ಕನ್ನಡಿಯಲ್ಲಿ ನೋಡುತ್ತ ಆ ಎರಡು ಗೆರೆಗಳ ನಡುವೆಯೇ ಪೆನ್ಸಿಲಿನಿಂದ ಗೆರೆಯೆಳೆಯಬೇಕು. ಮೇಲಕ್ಕೆ ಹೋಗಬೇಕೆಂದರೆ ಕೈ ಕೆಳಕ್ಕೆ ಹೋಗುತ್ತದೆ. ಮೂಲೆಯಲ್ಲಿ ತಿರುಗಬೇಕೆಂದರೆ ಪೆನ್ಸಿಲು ಎತ್ತಲೋ ಓಡುತ್ತದೆ. ಮತ್ತೆಮತ್ತೆ ಮಾಡಿದಂತೆ ತಪ್ಪು ಕಡಿಮೆಯಾಗುತ್ತದೆ, ಹಿಡಿಯುವ ಹೊತ್ತೂ ಇಳಿಯುತ್ತದೆ. ತರಗತಿಯ ಎಲ್ಲರ ಕಾಲಗಳ ಸರಾಸರಿಯನ್ನು ತೆಗೆದು ನಕ್ಷೆ ಬರೆದರೆ ಮೇಲಿನಿಂದ ಕೆಳಕ್ಕೆ ನಯವಾಗಿ ಇಳಿಯುವ ಒಂದು ರೇಖೆ ದೊರಕುತ್ತದೆ. 'ಕಲಿಕೆಯು ಕ್ರಮಕ್ರಮವಾಗಿ ಆಗತಕ್ಕದ್ದು' ಎಂಬ ನಿಯಮವು ಇದರಿಂದ ಸಿದ್ಧವಾದಂತೆ ತೋರುತ್ತದೆ.

ಆದರೆ ಈ ಸಿದ್ಧಿಯಲ್ಲಿ ಒಂದು ಮೋಸವಿರಬಹುದು. ಒಂದು ಲೆಕ್ಕವನ್ನು ಮಾಡಿ ನೋಡೋಣ. ನಾಲ್ವರು ವಿದ್ಯಾರ್ಥಿಗಳಿದ್ದಾರೆಂದು ಭಾವಿಸಿರಿ. ಪ್ರತಿಯೊಬ್ಬನಿಗೂ ಕೆಲಸದ ಗುಟ್ಟು ತಿಳಿಯುವವರೆಗೆ ಒಂದು ಸಲಕ್ಕೆ 120 ಸೆಕೆಂಡು ಬೇಕು. ಗುಟ್ಟು ಥಟ್ಟನೆ ಹೊಳೆದೊಡನೆ 40 ಸೆಕೆಂಡು ಸಾಕು. ಒಬ್ಬನಿಗೆ ಅದು ಮೂರನೆಯ ಸಲ ಹೊಳೆಯುತ್ತದೆ, ಇನ್ನೊಬ್ಬನಿಗೆ ಐದನೆಯ ಸಲ, ಮತ್ತೊಬ್ಬನಿಗೆ ಏಳನೆಯ ಸಲ, ಕೊನೆಯವನಿಗೆ ಒಂಬತ್ತನೆಯ ಸಲ. ಈಗ ಸರಾಸರಿಯನ್ನು ತೆಗೆಯಿರಿ: ಮೊದಲು 120, ಅನಂತರ 100, ಆಮೇಲೆ 80, 60, ಕೊನೆಗೆ 40. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಸುಂದರವಾದ ರೇಖೆ! ಆದರೆ ಆ ನಾಲ್ವರಲ್ಲಿ ಒಬ್ಬನಾದರೂ ಎಂದಾದರೂ 100 ಸೆಕೆಂಡಿನಲ್ಲಿಯಾಗಲಿ, 80 ಅಥವಾ 60 ಸೆಕೆಂಡಿನಲ್ಲಿಯಾಗಲಿ ಕೆಲಸವನ್ನು ಮುಗಿಸಲಿಲ್ಲ. ಎಲ್ಲರೂ ಒಮ್ಮೆಲೇ ಕಲಿತರು. ಕ್ರಮವಾಗಿ ಕಲಿತದ್ದು ಸರಾಸರಿಯೆಂಬ ಐದನೆಯ, ಇಲ್ಲದ ವಿದ್ಯಾರ್ಥಿ ಮಾತ್ರ. ನಿಜವಾದ ವಿದ್ಯಾರ್ಥಿಗಳು ಹೀಗೆಯೇ ಕಲಿಯುತ್ತಾರೆಂದು ನಾವು ಹೇಳುತ್ತಿಲ್ಲ. ಸರಾಸರಿಯ ರೇಖೆಯೊಂದನ್ನೇ ನೋಡಿದವನಿಗೆ ಅವರು ಹೇಗೆ ಕಲಿತರೆಂಬುದು ತಿಳಿಯಲಾರದೆಂಬುದಷ್ಟೇ ನಮ್ಮ ಮಾತು.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮೋಸವುಂಟು. ಅದನ್ನು ಅರಿಯಲು ಅರಸೀಕೆರೆಯ ಕಡೆಯ ಕೊಬ್ಬರಿಯ ಕೆಲಸವನ್ನು ನೆನೆಯೋಣ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯ ಕರಟವನ್ನು ಒಡೆದು, ಒಳಗಿನ ಕೊಬ್ಬರಿಯನ್ನು ಉಂಡೆಯಾಗಿಯೇ ಹೊರಕ್ಕೆ ತೆಗೆಯಬೇಕು. ಉಂಡೆ ಒಡೆದರೆ ಬೆಲೆ ಕಡಿಮೆ. ಹತ್ತಾರು ಕೆಲಸಗಾರರನ್ನು ಹೋಲಿಸಿ ನೋಡಿದರೆ, ಬೇಗಬೇಗನೆ ಕೆಲಸ ಮಾಡುವವರ ಕೈಯಲ್ಲಿ ಒಡೆಯುವ ಉಂಡೆಗಳೇ ಕಡಿಮೆ ಎಂದು ಕಂಡುಬರಬಹುದು. ಏಕೆಂದರೆ ಅವರು ಪಳಗಿದ ಕೈಯವರು. ನಿಧಾನಿಸುವವರು ಹೊಸಬರು, ಅವರ ಕೈಯಲ್ಲಿ ಒಡೆಯುವುದೂ ಹೆಚ್ಚು. ಇದನ್ನು ಲೆಕ್ಕ ಹಾಕಿದವನೊಬ್ಬನು 'ವೇಗ ಹೆಚ್ಚಿದಷ್ಟೂ ನಷ್ಟ ಕಡಿಮೆ' ಎಂಬ ನಿಯಮವನ್ನು ಮಾಡಿ, ಕೆಲಸಗಾರರೆಲ್ಲರೂ ಇನ್ನೂ ಅವಸರ ಮಾಡಬೇಕೆಂದು ವಿಧಿಸಿದರೆ ಏನಾದೀತು? ಪಳಗಿದವನ ಕೈಯೂ ಅವಸರದಲ್ಲಿ ತಪ್ಪುತ್ತದೆ; ಒಡೆದ ಉಂಡೆಗಳ ರಾಶಿಯೇ ಬೀಳುತ್ತದೆ. ಜನರ ನಡುವೆ ಹೋಲಿಸಿದಾಗ ನಿಜವಾದುದು ಒಬ್ಬನೊಳಗೆ ನೋಡಿದಾಗ ತಲೆಕೆಳಗಾಯಿತು. ಎರಡು ಹೇಳಿಕೆಗಳೂ ಸತ್ಯವೇ. ಆದರೆ ಅವು ಬೇರೆಬೇರೆ ಪ್ರಶ್ನೆಗಳಿಗೆ ಉತ್ತರಗಳು. ಯಾವ ಜನರು ಯಾರಿಗಿಂತ ಮುಂದೆ ಎಂಬುದು ಒಂದು ಪ್ರಶ್ನೆ. ಈ ಮನುಷ್ಯನಲ್ಲಿ ಯಾವುದು ಬದಲಾದರೆ ಯಾವುದು ಬದಲಾಗುತ್ತದೆ ಎಂಬುದು ಇನ್ನೊಂದು ಪ್ರಶ್ನೆ.

ಸ್ಥಾಲೀಪುಲಾಕನ್ಯಾಯವು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲವೆಂಬುದು ಈಗ ಸ್ಪಷ್ಟವಾಗುತ್ತದೆ. ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು. ಒಂದೇ ನೀರಿನಲ್ಲಿ, ಒಂದೇ ಉರಿಯಲ್ಲಿ, ಒಂದೇ ಹೊತ್ತು ಬೆಂದವು. ಆದುದರಿಂದ ಒಂದಗುಳಿನಿಂದ ಎಲ್ಲವನ್ನೂ ಊಹಿಸಬಹುದು. ಹೊಸ ಅಕ್ಕಿಯನ್ನೂ ಹಳೆಯ ಅಕ್ಕಿಯನ್ನೂ ಬೆರೆಸಿ ಹಾಕಿದ್ದರೆ ಜಾಣೆಯಾದ ಗೃಹಿಣಿಯು ಒಂದಗುಳನ್ನು ನಂಬುವಳೇ? 2004ರಲ್ಲಿ ಪೀಟರ್ ಮೊಲೆನಾರ್ ಎಂಬ ವಿದ್ವಾಂಸರು ಈ ಮಾತನ್ನೇ ಗಣಿತದ ಭಾಷೆಯಲ್ಲಿ ಹೇಳಿದರು. ಜನಸಮೂಹದಲ್ಲಿ ಕಂಡ ವ್ಯತ್ಯಾಸಗಳ ರೀತಿಯೂ ಒಬ್ಬ ವ್ಯಕ್ತಿಯಲ್ಲಿ ಕಾಲದಿಂದ ಕಾಲಕ್ಕೆ ಆಗುವ ವ್ಯತ್ಯಾಸಗಳ ರೀತಿಯೂ ಒಂದೇ ಆಗಬೇಕಾದರೆ ಬಹಳ ಕಠಿನವಾದ ನಿಬಂಧನೆಗಳು ಈಡೇರಬೇಕು. ಎಲ್ಲರೂ ಒಂದೇ ಕ್ರಮಕ್ಕೆ ಒಳಪಟ್ಟಿರಬೇಕು. ಆ ಕ್ರಮವು ಕಾಲಾನುಗುಣವಾಗಿ ಬದಲಾಗದೆಯೂ ಇರಬೇಕು. ಬೆಳೆಯುವ ಮಗುವಿನಲ್ಲಿ, ಕಲಿಯುವ ವಿದ್ಯಾರ್ಥಿಯಲ್ಲಿ, ಗುಣಮುಖನಾಗುತ್ತಿರುವ ರೋಗಿಯಲ್ಲಿ ಈ ನಿಬಂಧನೆಗಳು ಹೇಗೆ ತಾನೆ ಈಡೇರಿಯಾವು? ಬೆಳವಣಿಗೆಯೆಂದರೆ ಬದಲಾವಣೆಯೇ ಅಲ್ಲವೆ?

ಇಷ್ಟನ್ನು ಕೇಳಿದವರು ನಿಯಮಗಳೆಲ್ಲ ವ್ಯರ್ಥ, ವ್ಯಕ್ತಿಯೊಬ್ಬನೇ ಸತ್ಯ ಎಂಬ ನಿರ್ಣಯಕ್ಕೆ ಬಂದಾರು. ಅದೂ ತಪ್ಪೇ. ವ್ಯಕ್ತಿಯನ್ನೇ ದಿಟ್ಟಿಸಿ ನೋಡುವವನಿಗೆ ತನ್ನದೇ ಆದ ಅಪಾಯಗಳುಂಟು. 'ಹೆತ್ತವರಿಗೆ ಹೆಗ್ಗಣ ಮುದ್ದು' ಎಂಬ ಗಾದೆಯನ್ನು ಬಲ್ಲ ನಮಗೆ ಇದನ್ನು ವಿಸ್ತರಿಸಬೇಕಾಗಿಲ್ಲ. ಹತ್ತಿರದಿಂದ ಕಂಡವರ ಕಣ್ಣಿಗೆ ಮಮತೆಯೋ ಅಸಡ್ಡೆಯೋ ಮುಸುಕು ಹಾಕುತ್ತದೆ. 1954ರಲ್ಲಿ ಅಮೆರಿಕದ ಪಾಲ್ ಮೀಲ್ ಎಂಬ ಮನಶ್ಶಾಸ್ತ್ರಜ್ಞನು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದನು. ವಿದ್ಯಾರ್ಥಿಯು ಉತ್ತೀರ್ಣನಾದಾನೇ, ಬಿಡುಗಡೆ ಹೊಂದಿದ ಕೈದಿಯು ಮತ್ತೆ ಅಪರಾಧ ಮಾಡಿಯಾನೇ ಎಂಬಂತಹ ಪ್ರಶ್ನೆಗಳಲ್ಲಿ, ವ್ಯಕ್ತಿಯನ್ನು ಕಂಡು ಮಾತನಾಡಿಸಿದ ತಜ್ಞರ ಊಹೆಯನ್ನೂ, ಕೇವಲ ಅಂಕಿ ಅಂಶಗಳ ಲೆಕ್ಕದಿಂದ ಬಂದ ಊಹೆಯನ್ನೂ ಅವನು ಹೋಲಿಸಿದನು. ಬಹುತೇಕ ಎಲ್ಲೆಲ್ಲಿಯೂ ಲೆಕ್ಕವು ತಜ್ಞನ ಸಮಕ್ಕೆ ಬಂದಿತ್ತು, ಇಲ್ಲವೆ ಅವನನ್ನು ಮೀರಿಸಿತ್ತು. ತಜ್ಞರಿಗೆ ಇದು ಕಹಿಯಾದರೂ ನುಂಗಬೇಕಾದ ಔಷಧ. ಅಲ್ಲದೆ, ಕಣಕಟ್ಟೆಯ ಹುಡುಗನು ಹಿಂದೆ ಬಿದ್ದಿದ್ದಾನೆಂಬುದನ್ನು ನಾವು ತಿಳಿದುದಾದರೂ ಹೇಗೆ? ಹತ್ತು ವರ್ಷದ ಉಳಿದ ಮಕ್ಕಳು ಏನು ಮಾಡಬಲ್ಲರೆಂಬುದು ಗೊತ್ತಿದ್ದುದರಿಂದಲೇ. ಹಿಂದೆ ಎಂಬ ಮಾತಿಗೆ ಅರ್ಥ ಬರಬೇಕಾದರೆ ಸಾಲು ಇರಬೇಕು. ಸಾಮಾನ್ಯವನ್ನು ಅರಿಯದವನು ವಿಶೇಷವನ್ನು ಗುರುತಿಸಲಾರನು.

ಬೇಲೂರಿನ ಚೆನ್ನಕೇಶವ ದೇವಾಲಯವನ್ನು ನೋಡಿದವರಿಗೆ ಇದು ಸುಲಭವಾಗಿ ಮನದಟ್ಟಾಗುವುದು. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠೆ ಮಾಡಿಸಿದ ಆ ಗುಡಿಯ ಶಿಲ್ಪಗಳಲ್ಲಿ ತಾಳಮಾನದ ನಿಯಮಗಳಿವೆ. ಮುಖ ಇಷ್ಟು, ಭುಜ ಇಷ್ಟು ಎಂಬ ಶಾಸ್ತ್ರವಿದೆ. ಆದರೂ ಹಲವು ವಿಗ್ರಹಗಳ ಪೀಠದಲ್ಲಿ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಕೈ ಇಂತಹದೆಂದು ನಾವು ಇಂದಿಗೂ ಹೇಳಬಹುದು. ಶಾಸ್ತ್ರದ ಅಳತೆಯನ್ನು ಬಲ್ಲವನಿಗೇ ಚಾವಣನು ಅದರೊಳಗೆ ತನ್ನದಾಗಿ ಏನನ್ನು ಮಾಡಿದನೆಂಬುದು ಕಾಣುತ್ತದೆ. ನಿಯಮವನ್ನು ಬಲ್ಲ ಕಣ್ಣಿಗೇ ವ್ಯಕ್ತಿಯ ಕೈ ಗೋಚರಿಸುವುದು.

ಇನ್ನೂ ಆಶ್ಚರ್ಯದ ಸಂಗತಿಯೆಂದರೆ, ಅನೇಕ ವೇಳೆ ನಿಯಮಗಳು ಹುಟ್ಟಿದುದೇ ಒಬ್ಬ ವ್ಯಕ್ತಿಯ ಅಧ್ಯಯನದಿಂದ. 1885ರಲ್ಲಿ ಜರ್ಮನಿಯ ಎಬ್ಬಿಂಗ್‌ಹೌಸನು ಮರೆವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ, ಕೆಲವು ನಿಮಿಷಗಳು, ಗಂಟೆಗಳು, ದಿನಗಳು ಕಳೆದ ಮೇಲೆ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯಿತೆಂಬುದನ್ನು ಅಳೆದನು. ಮೊದಲು ಬಲು ಬೇಗ, ಅನಂತರ ನಿಧಾನವಾಗಿ ಮರೆಯುತ್ತೇವೆಂಬ ನಿಯಮವು ಅಲ್ಲಿ ದೊರಕಿತು. ಆ ಪ್ರಯೋಗಕ್ಕೆ ಒಳಪಟ್ಟವನು ಒಬ್ಬನೇ, ಸ್ವತಃ ಎಬ್ಬಿಂಗ್‌ಹೌಸ್. ಅವನ ನಿಯಮವು ನಿಂತಿತು. ಏಕೆಂದರೆ ಬಳಿಕ ಪರೀಕ್ಷಿಸಿದ ಬೇರೆ ಬೇರೆ ಜನರಲ್ಲಿಯೂ ಮರೆವಿನ ರೇಖೆಯು ಅದೇ ಆಕಾರದಲ್ಲಿ ಕಂಡುಬಂದಿತು. ಒಂದಗುಳು ಸಾಕಾಯಿತು, ಆದರೆ ಅದು ಸಾಕೆಂಬುದು ಇತರ ಅಗುಳುಗಳನ್ನೂ ನೋಡಿದ ಮೇಲೆಯೇ ತಿಳಿಯಿತು.

ಕನ್ನಡಿಯ ನಕ್ಷತ್ರವು ಇನ್ನೊಂದು ಬಾರಿ ಚರಿತ್ರೆಯಲ್ಲಿ ಕಾಣಿಸಿಕೊಂಡ ಬಗೆಯೂ ಇಲ್ಲಿ ಸ್ಮರಣಾರ್ಹ. 1953ರಲ್ಲಿ ಅಮೆರಿಕದ ಹೆನ್ರಿ ಮೊಲೈಸನ್ ಎಂಬ 27 ವರ್ಷದ ಯುವಕನಿಗೆ ತೀವ್ರವಾದ ಮೂರ್ಛೆರೋಗದ ಶಮನಕ್ಕಾಗಿ ಮಿದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಅಂದಿನಿಂದ ಅವನಿಗೆ ಹೊಸದಾಗಿ ನಡೆದುದಾವುದೂ ನೆನಪಿನಲ್ಲಿ ನಿಲ್ಲದಾಯಿತು. ಈಗ ತಾನೆ ಮಾತನಾಡಿಸಿ ಹೋದವರು ಮರಳಿ ಬಂದರೆ ಅವರು ಅಪರಿಚಿತರು. ಬ್ರೆಂಡಾ ಮಿಲ್ನರ್ ಎಂಬ ವಿದುಷಿಯು ಅವನಿಂದ ಮೂರು ದಿನಗಳ ಕಾಲ ಕನ್ನಡಿಯ ನಕ್ಷತ್ರವನ್ನು ಬರೆಯಿಸಿದಳು. ದಿನದಿಂದ ದಿನಕ್ಕೆ ಅವನ ತಪ್ಪುಗಳು ಕಡಿಮೆಯಾದವು. ಆದರೆ ಪ್ರತಿದಿನವೂ ಆ ಕೆಲಸವನ್ನು ಹಿಂದೆ ಮಾಡಿದ ನೆನಪೇ ಅವನಿಗೆ ಇರಲಿಲ್ಲ. ಕೈಯು ಕಲಿತುದು ಬಾಯಿಗೆ ತಿಳಿಯದು! ನಡೆದುದನ್ನು ನೆನೆಯುವ ಶಕ್ತಿಯೂ ಕೌಶಲವನ್ನು ಉಳಿಸಿಕೊಳ್ಳುವ ಶಕ್ತಿಯೂ ಬೇರೆಬೇರೆ ಎಂಬ ಸಾಮಾನ್ಯತತ್ತ್ವವು ಆ ಒಬ್ಬನಿಂದ ಲೋಕಕ್ಕೆ ವೇದ್ಯವಾಯಿತು. ಸಾವಿರ ಜನ ಆರೋಗ್ಯವಂತರ ಸರಾಸರಿಯಿಂದ ಇದು ತಿಳಿಯುತ್ತಿರಲಿಲ್ಲ. ಏಕೆಂದರೆ ಅವರಲ್ಲಿ ಎರಡು ಶಕ್ತಿಗಳೂ ಜೊತೆಜೊತೆಯಾಗಿಯೇ ಕೆಲಸ ಮಾಡುತ್ತವೆ.

ಹೀಗಿರುವಲ್ಲಿ ನಮ್ಮ ಹುಡುಗನ 75ರ ವಿಚಾರಕ್ಕೆ ಮರಳೋಣ. ಆ ಅಳತೆಗೋಲನ್ನು ಮೊದಲು ಮಾಡಿದವನು ಪ್ಯಾರಿಸಿನ ಆಲ್ಫ್ರೆಡ್ ಬಿನೆ. 1905ರಲ್ಲಿ ಸಿಮೋನನೊಡನೆ ತನ್ನ ಪರೀಕ್ಷೆಯನ್ನು ಪ್ರಕಟಿಸುವುದಕ್ಕೆ ಮೊದಲು ಅವನು ತನ್ನ ಇಬ್ಬರು ಹೆಣ್ಣುಮಕ್ಕಳನ್ನು ವರ್ಷಗಳ ಕಾಲ ಅವಲೋಕಿಸಿ, ಅವರ ಆಲೋಚನೆಯ ರೀತಿಗಳು ಎಷ್ಟು ಭಿನ್ನವೆಂಬುದನ್ನು 1903ರ ಗ್ರಂಥದಲ್ಲಿ ವಿವರಿಸಿದ್ದನು. ಆದುದರಿಂದ ತನ್ನ ಅಳತೆಗೋಲಿನ ಮಿತಿಯನ್ನು ಅವನು ಚೆನ್ನಾಗಿ ಬಲ್ಲವನಾಗಿದ್ದನು. ಯಾವ ಮಗುವಿಗೆ ವಿಶೇಷ ನೆರವು ಬೇಕೆಂಬುದನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ಬುದ್ಧಿಯು ಹೆಚ್ಚಿಸಲಾಗದ ಒಂದು ನಿಗದಿಯಾದ ಮೊತ್ತವೆಂಬ ಮತವನ್ನು ಅವನು ಖಂಡಿಸಿದನು. ಆ ಪರೀಕ್ಷೆಯು ಅಮೆರಿಕಕ್ಕೆ ಹೋಗಿ, 1916ರಲ್ಲಿ ಟರ್ಮನ್ನನ ಕೈಯಲ್ಲಿ ಹೊಸ ರೂಪವನ್ನು ಪಡೆಯಿತು. 1934ರ ಹೊತ್ತಿಗೆ ವಿ. ವಿ. ಕಾಮತರು ಅದನ್ನು ಮುಂಬಯಿ ಪ್ರಾಂತದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಒಗ್ಗುವಂತೆ ಮಾರ್ಪಡಿಸಿದರು. ಭಾರತೀಯ ಮಕ್ಕಳ ಬುದ್ಧಿಮಾಪನವನ್ನು ಕುರಿತ ಅವರ ಇಂಗ್ಲಿಷ್ ಗ್ರಂಥವು 1940ರಲ್ಲಿ ಹೊರಬಂದಿತು. ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಿಂದ ಅದು ಇಂದಿಗೂ ನಮ್ಮ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಕನ್ನಡದ ಮಕ್ಕಳನ್ನು ಕನ್ನಡದ ಪ್ರಶ್ನೆಗಳಿಂದಲೇ, ಕನ್ನಡದ ಮಕ್ಕಳೊಡನೆಯೇ ಹೋಲಿಸಬೇಕೆಂಬ ಅರಿವಿನಿಂದ ಹುಟ್ಟಿದ ಈ ಕಾರ್ಯವು ಸ್ತುತ್ಯವಾದುದು. ನಿಯಮಕ್ಕೂ ಊರು, ಭಾಷೆ, ಕಾಲಗಳುಂಟೆಂಬುದನ್ನು ಅದು ನಮಗೆ ಕಲಿಸುತ್ತದೆ.

ಆದರೆ ಹೋಲಿಕೆಯು ಎಷ್ಟು ಸರಿಯಾಗಿದ್ದರೂ, 75 ಎಂಬುದು ಹುಡುಗನು ಸಾಲಿನಲ್ಲಿ ಎಲ್ಲಿ ನಿಂತಿದ್ದಾನೆಂಬುದನ್ನು ಹೇಳುತ್ತದೆಯೇ ಹೊರತು, ಏಕೆ ಅಲ್ಲಿ ನಿಂತಿದ್ದಾನೆ, ಎತ್ತ ಹೆಜ್ಜೆಯಿಡಬಲ್ಲನು ಎಂಬುದನ್ನು ಹೇಳುವುದಿಲ್ಲ. ರಷ್ಯದ ವೈಗೋಟ್ಸ್ಕಿಯು ಇದಕ್ಕೊಂದು ಮಾರ್ಮಿಕವಾದ ದೃಷ್ಟಾಂತವನ್ನು ಕೊಟ್ಟನು. ಪರೀಕ್ಷೆಯಲ್ಲಿ ಇಬ್ಬರು ಮಕ್ಕಳೂ ಎಂಟು ವರ್ಷದವರ ಮಟ್ಟಕ್ಕೆ ನಿಂತರು. ಆಮೇಲೆ ಇಬ್ಬರಿಗೂ ಕೊಂಚ ಸುಳಿವು, ಕೊಂಚ ನೆರವು ಕೊಟ್ಟು ಮುಂದಿನ ಪ್ರಶ್ನೆಗಳನ್ನು ಕೇಳಿದಾಗ ಒಬ್ಬನು ಒಂಬತ್ತು ವರ್ಷದವರ ಮಟ್ಟದಲ್ಲಿ ನಿಂತನು, ಇನ್ನೊಬ್ಬನು ಹನ್ನೆರಡು ವರ್ಷದವರ ಪ್ರಶ್ನೆಗಳವರೆಗೂ ನಡೆದನು. ಅಂಕಿಯು ಒಂದೇ, ಮಕ್ಕಳು ಒಂದೇ ಎನ್ನೋಣವೆ?

ತೆಂಗಿನ ಸೀಮೆಯವರಾದ ನಾವು ಗಮನಿಸಬೇಕಾದ ಇನ್ನೊಂದು ಅಧ್ಯಯನವು 1985ರಲ್ಲಿ ಬ್ರೆಜಿಲ್ ದೇಶದಿಂದ ಪ್ರಕಟವಾಯಿತು. ರೆಸಿಫೆ ನಗರದ ಬೀದಿಯಲ್ಲಿ ವ್ಯಾಪಾರ ಮಾಡುವ ಮಕ್ಕಳನ್ನು ಸಂಶೋಧಕರು ಗಿರಾಕಿಗಳಾಗಿ ಮಾತನಾಡಿಸಿದರು, ಮಕ್ಕಳು ಐವರೇ. ಬೀದಿಯಲ್ಲಿ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98ರಷ್ಟನ್ನು ಅವರು ಸರಿಯಾಗಿ ಹೇಳಿದರು. ಅಂತಹವೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಕೊಟ್ಟು ಶಾಲೆಯ ರೀತಿಯಲ್ಲಿ ಬಿಡಿಸಲು ಹೇಳಿದಾಗ ಸರಿಯಾದುದು ನೂರಕ್ಕೆ 37ರಷ್ಟು ಮಾತ್ರ. ಅವರಲ್ಲಿ ಒಬ್ಬನು ತೆಂಗಿನಕಾಯಿ ಮಾರುವ ಹನ್ನೆರಡು ವರ್ಷದ ಹುಡುಗ. 35ರಂತೆ ನಾಲ್ಕು ಕಾಯಿಗೆ ಎಷ್ಟೆಂದು ಕೇಳಿದರೆ, ಮೂರು ಕಾಯಿಗೆ 105 ಎಂಬುದರಿಂದ ಹೊರಟು, ಇನ್ನೊಂದನ್ನು ಕೂಡಿಸಿ 140 ಎಂದನು. ಅದೇ ಗುಣಾಕಾರವನ್ನು ಕಾಗದದ ಮೇಲೆ ಮಾಡುವಾಗ, ನಾಲ್ಕೈದಲಿ ಇಪ್ಪತ್ತರ ದಶಕ ಎರಡನ್ನು ಮೊದಲೇ ಮೂರಕ್ಕೆ ಕೂಡಿಸಿ, ಬಂದ ಐದನ್ನು ನಾಲ್ಕರಿಂದ ಗುಣಿಸಿ 200 ಎಂದು ಬರೆದನು. ಅವನಿಗೆ ಬುದ್ಧಿಯ ಕೊರತೆಯಿರಲಿಲ್ಲ. ದಶಕವನ್ನು ಯಾವಾಗ ಕೂಡಿಸಬೇಕೆಂಬ ಒಂದು ಹೆಜ್ಜೆ ತಪ್ಪಿತ್ತು. ಶೇಕಡಾವಾರು ಲೆಕ್ಕವು ಏನೋ ವಿಚಿತ್ರವಿದೆಯೆಂದು ನಮ್ಮನ್ನು ಎಚ್ಚರಿಸಿತು; ವಿಚಿತ್ರವು ಏನೆಂಬುದನ್ನು ತೋರಿಸಿದುದು ಆ ಒಬ್ಬ ಹುಡುಗನ ಕಾಗದ.

ಎರಡು ಮಾರ್ಗಗಳನ್ನೂ ಒಂದುಗೂಡಿಸುವ ವಿಧಾನವು ಈ ಉದಾಹರಣೆಗಳಿಂದಲೇ ಹೊರಡುತ್ತದೆ. ವ್ಯಕ್ತಿಯನ್ನು ಒಮ್ಮೆ ನೋಡಿ ಬಿಡುವುದಲ್ಲ, ಹಲವು ಬಾರಿ, ಹಲವು ಸಂದರ್ಭಗಳಲ್ಲಿ ನೋಡತಕ್ಕದ್ದು. ಆಗ ಅವನದೇ ಒಂದು ಚಿಕ್ಕ ನಿಯಮವು ಕಾಣಿಸಿಕೊಳ್ಳುತ್ತದೆ. ವೈದ್ಯಶಾಸ್ತ್ರವೂ ಈ ದಾರಿಯನ್ನು ಹಿಡಿದಿದೆ. 1986ರಲ್ಲಿ ಕೆನಡಾ ದೇಶದ ಗಾರ್ಡನ್ ಗಯಾಟ್ ಮತ್ತು ಅವರ ಸಂಗಡಿಗರು ಒಬ್ಬನೇ ರೋಗಿಯ ಮೇಲೆ ನಡೆಯುವ ಕ್ರಮಬದ್ಧವಾದ ಪರೀಕ್ಷೆಯನ್ನು ಪ್ರತಿಪಾದಿಸಿದರು. ಕೆಲವು ದಿನ ನಿಜವಾದ ಔಷಧ, ಕೆಲವು ದಿನ ಅದರಂತೆಯೇ ಕಾಣುವ ಹುಸಿ ಔಷಧ. ಯಾವುದು ಯಾವಾಗ ಎಂಬುದು ರೋಗಿಗೂ ತಿಳಿಯದು, ವೈದ್ಯನಿಗೂ ತಿಳಿಯದು. ಕೊನೆಗೆ ಲೆಕ್ಕ ನೋಡಿದರೆ ಆ ಔಷಧವು ಸರಾಸರಿ ರೋಗಿಗಲ್ಲ, ಈ ರೋಗಿಗೆ ಹಿಡಿಯಿತೇ ಎಂಬುದು ತಿಳಿಯುತ್ತದೆ. ಹೀಗೆ ವ್ಯಕ್ತಿಯ ಅಧ್ಯಯನವೂ ನಿಯಮದ ಅಧ್ಯಯನದಷ್ಟೇ ಕಟ್ಟುನಿಟ್ಟಾಗಿರಬಲ್ಲದು. ಅದು ಕೇವಲ ಕಥೆ ಹೇಳುವುದಲ್ಲ. ಇಂತಹ ಹಲವು ವ್ಯಕ್ತಿಗಳ ಚಿಕ್ಕ ನಿಯಮಗಳನ್ನು ಒಟ್ಟಿಗೆ ಇಟ್ಟು, ಅವುಗಳಲ್ಲಿ ಯಾವುದು ಎಲ್ಲರಿಗೂ ಸಮಾನ, ಯಾವುದು ಕೆಲವರದು ಎಂದು ವಿಚಾರಿಸಿದರೆ, ಆಗ ದೊರಕುವ ಸಾಮಾನ್ಯ ನಿಯಮವು ಮನುಷ್ಯರ ನಿಯಮವಾಗುತ್ತದೆ. ಸರಾಸರಿಯೆಂಬ ಇಲ್ಲದ ಮನುಷ್ಯನ ನಿಯಮವಾಗಿರುವುದಿಲ್ಲ.

ರಾಜ್ಯದಲ್ಲಿ ಎಷ್ಟು ವಿಶೇಷ ಉಪಾಧ್ಯಾಯರು ಬೇಕು, ಯಾವ ಪಠ್ಯಕ್ರಮವು ಹೆಚ್ಚು ಮಕ್ಕಳಿಗೆ ಹಿತ ಎಂಬುದನ್ನು ನಿಶ್ಚಯಿಸುವಾಗ ಸಾಮಾನ್ಯ ನಿಯಮಕ್ಕೆ ಮೊದಲ ಮಣೆಯನ್ನು ಹಾಕೋಣ. ಅಲ್ಲಿ ಒಂದೆರಡು ಮಕ್ಕಳ ಕಥೆಯನ್ನು ನೆಚ್ಚುವುದು ಅವಿವೇಕ. ಆದರೆ ಎದುರಿಗೆ ಒಂದು ಮಗುವು ನಿಂತಾಗ ನಿಯಮವನ್ನು ತೀರ್ಪಾಗಿ ಬಳಸದೆ ಪ್ರಶ್ನೆಯಾಗಿ ಬಳಸೋಣ. 75 ಎಂದು ಬಂದರೆ, ಹುಡುಗನ ಕಣ್ಣು ಕಿವಿಗಳು ಸರಿಯಾಗಿವೆಯೇ ಎಂದು ಮೊದಲು ನೋಡಿಸಬೇಕು. ಮನೆಯಲ್ಲಿ ಆಡುವ ಮಾತಿನಲ್ಲಿ ಪ್ರಶ್ನೆ ಕೇಳಿದರೆ ಏನು ಹೇಳುತ್ತಾನೆ, ಕೊಬ್ಬರಿಯ ಲೆಕ್ಕವನ್ನು ಬಾಯಲ್ಲಿ ಹೇಗೆ ಮಾಡುತ್ತಾನೆ, ಒಂದು ಸುಳಿವು ಕೊಟ್ಟರೆ ಎಷ್ಟು ಮುಂದಕ್ಕೆ ಹೋಗುತ್ತಾನೆ ಎಂಬುದನ್ನು ಬರೆದಿಡಬೇಕು. ಒಂದು ತಿಂಗಳು ಒಂದು ರೀತಿಯಲ್ಲಿ ಕಲಿಸಿ, ಇನ್ನೊಂದು ತಿಂಗಳು ಇನ್ನೊಂದು ರೀತಿಯಲ್ಲಿ ಕಲಿಸಿ, ಯಾವುದರಿಂದ ಅವನು ಮುನ್ನಡೆದನೆಂದು ಹೋಲಿಸಬೇಕು. ಇಷ್ಟಾದ ಮೇಲೂ ಅವನಿಗೆ ಓದು ಕಷ್ಟವೆಂದೇ ತಿಳಿಯಬಹುದು. ಆದರೆ ಆಗ ನಮಗೆ ತಿಳಿದಿರುವುದು ಆ ಹುಡುಗನ ವಿಚಾರವಾಗಿರುತ್ತದೆ, ಮತ್ತು ಅವನಿಗೆ ಯಾವ ನೆರವು ಸಲ್ಲುವುದೆಂಬುದೂ ಅದರೊಡನೆಯೇ ತಿಳಿದಿರುತ್ತದೆ. ಇದಕ್ಕೆ ದೊಡ್ಡ ಯಂತ್ರಗಳಾಗಲಿ ಹೆಚ್ಚಿನ ಹಣವಾಗಲಿ ಬೇಕಾಗಿಲ್ಲ. ಒಂದು ನೋಟುಪುಸ್ತಕವೂ, ಕೆಲವು ತಿಂಗಳ ತಾಳ್ಮೆಯೂ, ಅಂಕಿಯನ್ನು ಕಂಡೊಡನೆ ಮಗುವನ್ನು ನೋಡುವುದನ್ನು ನಿಲ್ಲಿಸದ ಉಪಾಧ್ಯಾಯರೊಬ್ಬರೂ ಇದ್ದರೆ ಸಾಕು.